ಹೈಸ್ಕೂಲು ಮಕ್ಕಳ ಸಾಕ್ಷ್ಯಚಿತ್ರಗಳಿಗೆ ಅಮೆರಿಕದಲ್ಲಿ ರಾಷ್ಟ್ರಮಟ್ಟದ ಮನ್ನಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ತಿಂಗಳು ಬಂತೆಂದರೆ ಅಮೆರಿಕದ ಸ್ಥಳೀಯ ಪತ್ರಿಕೆಗಳಲ್ಲಿ ಒಂದು ಪುಟ್ಟ ಸುದ್ದಿ ಕಾಣಿಸಿಕೊಳ್ಳುತ್ತದೆ. ಇಂಥ ಶಾಲೆಯ ಇಷ್ಟು ವಿದ್ಯಾರ್ಥಿಗಳು ದೇಶದ ಸಮಸ್ಯೆಯೊಂದರ ಮೇಲೆ ಮಾಡಿದ ಸಾಕ್ಷ್ಯಚಿತ್ರಕ್ಕೆ ಬಹುಮಾನ ಬಂದಿದೆ ಎಂಬ ಸುದ್ದಿ. ಅದನ್ನು ಓದಿದ ಕನ್ನಡದ ತಂದೆತಾಯಂದಿರು, ಒಮ್ಮೊಮ್ಮೆ ಮಕ್ಕಳೇ, ನನಗೆ ಪ್ರಶ್ನೆಗಳನ್ನು ಕಳುಹಿಸುತ್ತಾರೆ. ಕೆಲವು ವರ್ಷಗಳಿಂದ ಇಂಥ ತಂಡಗಳ ಜೊತೆ ಸ್ವಯಂಸೇವಕನಾಗಿ ಕೂರುತ್ತಿರುವುದರಿಂದ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಸ್ಪರ್ಧೆಗಳ ನಿಯಮಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುವುದುಂಟು. ಹೆಸರು ಕೊಡುವ ಮೊದಲು ಆ ವರ್ಷದ ನಿಯಮಾವಳಿಯನ್ನು ತಪ್ಪದೆ ಓದಿ.

ಈ ಮನ್ನಣೆಯನ್ನು ಕೊಡುವವರು ಯಾರು?

ಪತ್ರಿಕೆಯಲ್ಲಿ ನೀವು ಓದುವ ಸುದ್ದಿ ಬಹುಪಾಲು ಎರಡು ಸ್ಪರ್ಧೆಗಳಲ್ಲಿ ಒಂದರದ್ದಾಗಿರುತ್ತದೆ. ಒಂದು, ಸಿ-ಸ್ಪ್ಯಾನ್ ವಾಹಿನಿ ನಡೆಸುವ ಸ್ಟೂಡೆಂಟ್‌ಕ್ಯಾಮ್. ಇನ್ನೊಂದು, ನ್ಯಾಷನಲ್ ಹಿಸ್ಟರಿ ಡೇ ಎಂಬ ಇತಿಹಾಸ ಸ್ಪರ್ಧೆಯ ಸಾಕ್ಷ್ಯಚಿತ್ರ ವಿಭಾಗ. ಮೊದಲನೆಯದು ಇಂದಿನ ಸಮಸ್ಯೆಗಳನ್ನು ಕೇಳುತ್ತದೆ, ಎರಡನೆಯದು ಇತಿಹಾಸವನ್ನು. ಇವಲ್ಲದೆ 1923ರಿಂದ ನಡೆದುಬಂದಿರುವ ಸ್ಕೊಲಾಸ್ಟಿಕ್ ಕಲೆ ಮತ್ತು ಬರವಣಿಗೆ ಪ್ರಶಸ್ತಿಗಳಲ್ಲೂ ಚಲನಚಿತ್ರಕ್ಕೆ ಜಾಗವಿದೆ. ಪಿಬಿಎಸ್ ಎಂಬ ಸಾರ್ವಜನಿಕ ವಾಹಿನಿಯ ಸುದ್ದಿ ಕಾರ್ಯಕ್ರಮ ನ್ಯೂಸ್‌ಅವರ್ 2009ರಲ್ಲಿ ಆರಂಭಿಸಿದ ವಿದ್ಯಾರ್ಥಿ ವರದಿಗಾರಿಕೆ ಕಾರ್ಯಕ್ರಮ ಸ್ಪರ್ಧೆಯಲ್ಲ, ತರಬೇತಿ. ಆದರೆ ಅಲ್ಲಿ ಕಲಿತ ಮಕ್ಕಳ ಕೈ ಪಳಗಿರುತ್ತದೆ ಎಂಬುದು ಮೊದಲ ನಿಮಿಷದಲ್ಲೇ ತಿಳಿದುಬಿಡುತ್ತದೆ.

ಸಿ-ಸ್ಪ್ಯಾನ್ ಸರ್ಕಾರಿ ವಾಹಿನಿಯೇ?

ಅಲ್ಲ. ಹೆಚ್ಚಿನವರು ಹಾಗೆಂದೇ ತಿಳಿದಿದ್ದಾರೆ. ಬ್ರಯನ್ ಲ್ಯಾಂಬ್ ಅವರ ಮುಂದಾಳತ್ವದಲ್ಲಿ 1979ರಲ್ಲಿ ಹುಟ್ಟಿದ ಈ ಲಾಭರಹಿತ ಸಂಸ್ಥೆ ನಡೆದುಬಂದಿರುವುದು ಕೇಬಲ್ ಮತ್ತು ಉಪಗ್ರಹ ಟಿವಿ ಕಂಪನಿಗಳು ಕೊಡುವ ಹಣದಿಂದ. 1979ರ ಮಾರ್ಚ್ 19ರಂದು ಅಮೆರಿಕದ ಪ್ರತಿನಿಧಿ ಸಭೆಯ ಕಲಾಪ ಮೊದಲ ಬಾರಿಗೆ ಇದರಲ್ಲಿ ನೇರಪ್ರಸಾರವಾಯಿತು. ಅಂದು ಮೊದಲು ಮಾತನಾಡಿದವರು ಟೆನೆಸಿಯ ಯುವ ಸದಸ್ಯ ಅಲ್ ಗೋರ್. ಸೆನೆಟ್ ಕಲಾಪ ಪರದೆಗೆ ಬಂದದ್ದು 1986ರಲ್ಲಿ. ಸದನದ ಮಾತುಗಳನ್ನು ಕತ್ತರಿಸದೆ, ವ್ಯಾಖ್ಯಾನ ಬೆರೆಸದೆ ತೋರಿಸುವುದೇ ಇವರ ವ್ರತ. 1987ರಿಂದ ಈಚಿನ ಬಹುತೇಕ ಎಲ್ಲ ಕಾರ್ಯಕ್ರಮಗಳೂ ಅವರ ಆನ್‌ಲೈನ್ ವಿಡಿಯೊ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ. ಹದಿನೈದು ವರ್ಷದ ವಿದ್ಯಾರ್ಥಿಯ ಕೈಗೆ ಇದಕ್ಕಿಂತ ದೊಡ್ಡ ಭಂಡಾರ ಸಿಕ್ಕೀತೇ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಸ್ಟೂಡೆಂಟ್‌ಕ್ಯಾಮ್ ನಿಯಮಗಳೇನು? ಬಹುಮಾನ ಎಷ್ಟು?

ಆರನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗಿನ ವಿದ್ಯಾರ್ಥಿಗಳು ಭಾಗವಹಿಸಬಹುದು. ಒಬ್ಬರೇ ಮಾಡಬಹುದು, ಇಲ್ಲವೇ ಮೂವರವರೆಗೆ ತಂಡ ಕಟ್ಟಿಕೊಳ್ಳಬಹುದು. ಚಿತ್ರ 5ರಿಂದ 6 ನಿಮಿಷ ಇರಬೇಕು. ವಿಷಯಕ್ಕೆ ಸಂಬಂಧಪಟ್ಟ ಸಿ-ಸ್ಪ್ಯಾನ್ ದೃಶ್ಯದ ತುಣುಕು ಅದರಲ್ಲಿ ಇರಲೇಬೇಕು. ಬೇರೆ ಬೇರೆ ಅಭಿಪ್ರಾಯಗಳೂ ಕಾಣಿಸಬೇಕು. ಮಧ್ಯಮ ಶಾಲೆಯವರಿಗೆ, ಅಂದರೆ ಆರರಿಂದ ಎಂಟನೇ ತರಗತಿಯವರಿಗೆ, ಒಂದು ವಿಭಾಗ. ಹೈಸ್ಕೂಲಿನವರನ್ನು ದೇಶದ ಮೂರು ವಲಯಗಳಾಗಿ ಹಂಚುತ್ತಾರೆ. ಸಲ್ಲಿಕೆಯ ಕೊನೆಯ ದಿನ ಸಾಮಾನ್ಯವಾಗಿ ಜನವರಿ 20ರ ಸುಮಾರಿಗೆ ಇರುತ್ತದೆ, ಫಲಿತಾಂಶ ಮಾರ್ಚ್‌ನಲ್ಲಿ.

ಇತ್ತೀಚಿನ ವರ್ಷಗಳಲ್ಲಿ ಒಟ್ಟು 1,00,000 ಡಾಲರ್ ಬಹುಮಾನದ ಹಣ, 150 ಬಹುಮಾನಿತ ಚಿತ್ರಗಳು. ಎಲ್ಲಕ್ಕಿಂತ ದೊಡ್ಡ ಬಹುಮಾನ 5,000 ಡಾಲರ್. ಅದರ ಕೆಳಗೆ 3,000, 1,500, 750, ಕೊನೆಗೆ ಗೌರವ ಉಲ್ಲೇಖಕ್ಕೆ 250. ಮೇಲಿನ 21 ಚಿತ್ರಗಳು ಏಪ್ರಿಲ್‌ನಲ್ಲಿ ಬೆಳಗಿನ ಹೊತ್ತು ವಾಹಿನಿಯಲ್ಲಿ ಪ್ರಸಾರವಾಗುತ್ತವೆ. ಬಹುಮಾನದ ಹಣವನ್ನು ಅಮೆರಿಕದ ತೆರಿಗೆ ಕಾನೂನು ಆದಾಯವೆಂದೇ ಎಣಿಸುತ್ತದೆ. ಮಗುವಿನ ಹೆಸರಿಗೆ ಬಂದ ಕಾಗದಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಪ್ರತಿ ವರ್ಷವೂ ಒಂದು ಆಶಯ ಕೊಡುತ್ತಾರಂತೆ. ಅದಕ್ಕೆ ಅಂಟಿಕೊಳ್ಳಲೇಬೇಕೇ?

ಬೇಕು. ಆದರೆ ಆ ಆಶಯಗಳು ಬಾಗಿಲಿನಷ್ಟು ಅಗಲವಾಗಿರುತ್ತವೆ. 2018ರಲ್ಲಿ ಸಂವಿಧಾನವೂ ನೀವೂ ಎಂಬ ಆಶಯವಿತ್ತು, 2019ರಲ್ಲಿ ಅಮೆರಿಕನ್ ಆಗಿರುವುದೆಂದರೇನು ಎಂಬ ಪ್ರಶ್ನೆ. 2022ರಲ್ಲಿ ಒಕ್ಕೂಟ ಸರ್ಕಾರ ನಿಮ್ಮ ಬದುಕನ್ನು ಹೇಗೆ ತಟ್ಟಿದೆ ಎಂದು ಕೇಳಿದರು. 2025ರಲ್ಲಿ ಅಧ್ಯಕ್ಷರಿಗೆ ನಿಮ್ಮ ಸಂದೇಶವೇನು ಎಂದರು. ಯಾವ ಆಶಯ ಕೊಟ್ಟರೂ ಕುಡಿಯುವ ನೀರು, ಮಾದಕವಸ್ತು, ಔಷಧದ ಬೆಲೆ, ಮಾನಸಿಕ ಆರೋಗ್ಯ, ವಲಸೆ ಇವೆಲ್ಲ ಅದರೊಳಗೆ ನುಸುಳಬಲ್ಲವು.

ವಿಷಯವನ್ನು ಹೇಗೆ ಆರಿಸಿಕೊಳ್ಳಬೇಕು?

ಇದಕ್ಕೆ ನಾನು ಉದ್ದ ಉತ್ತರವನ್ನೇ ಕೊಡುತ್ತೇನೆ. ಹತ್ತರಲ್ಲಿ ಏಳು ತಂಡಗಳು ಸೋಲುವುದು ಇಲ್ಲಿಯೇ ಎಂದು ನನಗೆ ಅನ್ನಿಸಿದೆ.

ಮಕ್ಕಳು ಮೊದಲ ದಿನ ಬರುವಾಗ "ಹವಾಮಾನ ಬದಲಾವಣೆ" ಅಥವಾ "ಬಂದೂಕು ಹಿಂಸೆ" ಎಂಬ ಎರಡು ಪದಗಳನ್ನು ಹಿಡಿದುಕೊಂಡು ಬರುತ್ತಾರೆ. ಆರು ನಿಮಿಷದಲ್ಲಿ ಅಷ್ಟು ದೊಡ್ಡದನ್ನು ಹೇಳಹೊರಟರೆ ಎಲ್ಲರಿಗೂ ಗೊತ್ತಿರುವ ನಾಲ್ಕು ಮಾತು, ಯಾರದೋ ದೃಶ್ಯಗಳು, ಹಿಂದೆ ಬೇಸರದ ಪಿಯಾನೊ ಇಷ್ಟೇ ಉಳಿಯುತ್ತದೆ. ನಾನು ಅವರಿಗೆ ಕೇಳುವ ಪ್ರಶ್ನೆ ಒಂದೇ. ಈ ಸಮಸ್ಯೆ ನಿನ್ನ ಕಣ್ಣಿಗೆ ಕೊನೆಯ ಬಾರಿ ಬಿದ್ದದ್ದು ಎಲ್ಲಿ, ಎಷ್ಟು ಗಂಟೆಗೆ?

ಒಂದು ತಂಡದ ಹುಡುಗಿ ಈ ಪ್ರಶ್ನೆಗೆ "ಬೆಳಿಗ್ಗೆ ಆರೂ ಹತ್ತಕ್ಕೆ, ಬಸ್ ಸ್ಟಾಪಿನಲ್ಲಿ" ಎಂದಳು. ಅವರ ಹೈಸ್ಕೂಲು ಏಳೂ ಕಾಲಿಗೆ ಆರಂಭವಾಗುತ್ತಿತ್ತು. ಅವಳೂ ಅವಳ ಇಬ್ಬರು ಗೆಳೆಯರೂ ನಿದ್ದೆಗೆಟ್ಟು ಸಾಕಾಗಿದ್ದರು. ಇದು ಬರೀ ಶಾಲೆಯ ಗೊಣಗಾಟದಂತೆ ಕಾಣುತ್ತದೆ. ಕೆದಕಿದರೆ ರಾಷ್ಟ್ರದ ಪ್ರಶ್ನೆ. ಹದಿಹರೆಯದವರ ಶಾಲೆ ಎಂಟೂವರೆಗಿಂತ ಮೊದಲು ಆರಂಭವಾಗಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿತು. ಕ್ಯಾಲಿಫೋರ್ನಿಯಾ 2019ರಲ್ಲಿ ಹೈಸ್ಕೂಲುಗಳಿಗೆ ಅದನ್ನೇ ಕಾನೂನು ಮಾಡಿ, 2022ರ ಜುಲೈಯಿಂದ ಜಾರಿಗೆ ತಂದಿತು. ಫ್ಲಾರಿಡಾ 2023ರಲ್ಲಿ ಅಂಥದೇ ಕಾನೂನು ಮಾಡಿ, ಜಾರಿಯಾಗುವ ಮೊದಲೇ 2025ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಒಂದು ರಾಜ್ಯ ಹೌದೆಂದದ್ದನ್ನು ಇನ್ನೊಂದು ರಾಜ್ಯ ಯಾಕೆ ಬೇಡವೆಂದಿತು? ಈ ಪ್ರಶ್ನೆ ಸಿಕ್ಕ ಕ್ಷಣದಲ್ಲಿ ಆ ಮೂವರ ಚಿತ್ರಕ್ಕೆ ಬೆನ್ನೆಲುಬು ಬಂತು.

ನಮ್ಮ ವೀಸಾದ ಸಂಕಟವನ್ನೇ ಮಕ್ಕಳು ಚಿತ್ರ ಮಾಡಬಹುದೇ?

ಮಾಡಬಹುದು. ಮಾಡಿದರೆ ಒಳ್ಳೆಯದು ಎಂದೂ ನನ್ನ ಅನಿಸಿಕೆ. ಹೆತ್ತವರ ಉದ್ಯೋಗದ ವೀಸಾದ ನೆರಳಿನಲ್ಲಿ ಇಲ್ಲೇ ಬೆಳೆದ ಮಗು 21 ತುಂಬಿದ ದಿನ ಆ ನೆರಳಿನಿಂದ ಹೊರಬೀಳುತ್ತದೆ. ಉದ್ಯೋಗ ಆಧಾರಿತ ಹಸಿರು ಕಾರ್ಡುಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಸಿಗುವುದಿಲ್ಲವಾದ್ದರಿಂದ ಭಾರತದಲ್ಲಿ ಹುಟ್ಟಿದವರ ಸಾಲು ದಶಕಗಟ್ಟಲೆ ಉದ್ದವಾಗಿದೆ. 2002ರ ಕಾನೂನೊಂದು ಮಕ್ಕಳ ವಯಸ್ಸಿನ ಲೆಕ್ಕದಲ್ಲಿ ಕೊಂಚ ರಿಯಾಯಿತಿ ಕೊಟ್ಟಿದೆ, ಎಲ್ಲರಿಗೂ ಅದು ಸಾಲದು. ಇಂಥ ಮಕ್ಕಳಿಗಾಗಿಯೇ 2021ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಮಸೂದೆಯೂ ಮಂಡನೆಯಾಯಿತು. ಎರಡೂ ಪಕ್ಷದವರು ಅದರ ಬಗ್ಗೆ ಮಾತನಾಡಿದ ದೃಶ್ಯಗಳು ದಾಖಲೆಯಲ್ಲಿವೆ.

ಆದರೆ ಒಂದು ಎಚ್ಚರಿಕೆ. ಮನೆಯವರ ವಲಸೆ ಸ್ಥಿತಿ, ಅರ್ಜಿಯ ಹಂತ, ಉದ್ಯೋಗದಾತರ ಹೆಸರು ಇವನ್ನೆಲ್ಲ ಸಾರ್ವಜನಿಕ ಪರದೆಯ ಮೇಲೆ ಇಡುವ ಮೊದಲು ಮನೆಯಲ್ಲಿ ಕೂತು ಮಾತನಾಡಿ, ಬೇಕಾದರೆ ವಲಸೆ ವಕೀಲರನ್ನು ಕೇಳಿ. ಮಗುವಿನ ಅಂಜಿಕೆಯನ್ನು ತೋರಿಸಲು ಕಾಗದದ ಸಂಖ್ಯೆಗಳು ಬೇಕಾಗಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟ ಇಪ್ಪತ್ತೊಂದನೇ ಹುಟ್ಟುಹಬ್ಬ ಸಾಕು.

ನಮ್ಮ ನಿಲುವು ಸರಿಯಾಗಿರುವಾಗ ಎದುರು ಅಭಿಪ್ರಾಯ ಯಾಕೆ ಬೇಕು?

ನಿಯಮದಲ್ಲಿದೆ ಎಂಬುದು ಚಿಕ್ಕ ಉತ್ತರ. ದೊಡ್ಡ ಉತ್ತರಕ್ಕೆ ಒಬ್ಬ ಬಸ್ ಚಾಲಕರ ಕಥೆಯನ್ನೇ ಹೇಳಬೇಕು.

ನಿದ್ದೆಯ ತಂಡದವರು ಮೊದಲು ಒಬ್ಬ ವೈದ್ಯರನ್ನೂ ಇಬ್ಬರು ಸಹಪಾಠಿಗಳನ್ನೂ ಮಾತನಾಡಿಸಿದ್ದರು. ಎಲ್ಲರೂ ಒಂದೇ ಮಾತು ಹೇಳಿದರು. ಮೊದಲ ಕರಡು ನೋಡಿದಾಗ ಅದು ಸಾಕ್ಷ್ಯಚಿತ್ರವಾಗಿರಲಿಲ್ಲ, ಚೆನ್ನಾಗಿ ಮಾಡಿದ ಮನವಿಪತ್ರವಾಗಿತ್ತು. ಬಸ್ಸಿನವರನ್ನು ಕೇಳಿದ್ದೀರಾ ಎಂದೆ. ಬಸ್ಸಿನವರಿಗೂ ನಿದ್ದೆಗೂ ಏನು ಸಂಬಂಧ ಎಂದು ಅವರಿಗೆ ಆಶ್ಚರ್ಯ.

ಒಂದು ಶನಿವಾರ ಬಸ್ ಡಿಪೊದಲ್ಲಿ, ನಿಂತ ಹಳದಿ ಬಸ್ಸಿನೊಳಗೆ ಸಂದರ್ಶನ ನಡೆಯಿತು. ಚಾಲಕರು ತಮ್ಮ ಸೀಟಿನಲ್ಲೇ ಕೂತರು, ಹುಡುಗಿ ಮೊದಲ ಸಾಲಿನಲ್ಲಿ, ಮೊಬೈಲು ಮುಂದಿನ ಕಂಬಿಗೆ ಕಟ್ಟಿತ್ತು. ಅವರು ಜೇಬಿನಿಂದ ಒಂದು ಚೀಟಿ ತೆಗೆದರು. ಮಡಿಕೆಗಳಲ್ಲಿ ಹರಿದು, ಟೇಪು ಹಚ್ಚಿದ್ದ ಚೀಟಿ. ಅದರಲ್ಲಿ ಮೂರು ಸುತ್ತು ಬರೆದಿತ್ತು. ಅದೇ ಬಸ್ಸು ಮೊದಲು ಹೈಸ್ಕೂಲಿನವರನ್ನು, ಆಮೇಲೆ ಮಧ್ಯಮ ಶಾಲೆಯವರನ್ನು, ಕೊನೆಗೆ ಪ್ರಾಥಮಿಕ ಶಾಲೆಯ ಪುಟಾಣಿಗಳನ್ನು ಕರೆದೊಯ್ಯುತ್ತದೆ. "ನಿನ್ನನ್ನು ಕೊನೆಯ ಸುತ್ತಿಗೆ ಹಾಕಿದರೆ ಈ ಆರು ವರ್ಷದ ಮಗುವನ್ನು ಮೊದಲ ಸುತ್ತಿಗೆ ತರಬೇಕು. ಡಿಸೆಂಬರಿನ ಕತ್ತಲಲ್ಲಿ ಅದು ರಸ್ತೆ ಬದಿಯಲ್ಲಿ ನಿಂತಿರುತ್ತದೆ" ಎಂದರು. ಹುಡುಗಿ ಏನೂ ಹೇಳಲಿಲ್ಲ. ಅವಳ ಮುಂದಿನ ಪ್ರಶ್ನೆ ಕಾಗದದಲ್ಲಿತ್ತು, ಅವಳು ಅದನ್ನು ಓದಲಿಲ್ಲ. ಹನ್ನೊಂದು ಸೆಕೆಂಡು ಮೌನ. ಆಮೇಲೆ ಮೆಲ್ಲಗೆ, "ಹಾಗಾದರೆ ಎಷ್ಟು ಬಸ್ಸು ಹೆಚ್ಚು ಬೇಕು?" ಎಂದು ಕೇಳಿದಳು.

ಆ ಪ್ರಶ್ನೆ ಅವಳ ಪಟ್ಟಿಯಲ್ಲಿ ಇರಲಿಲ್ಲ. ಅವಳ ನಿಲುವೂ ಅಂದು ಬದಲಾಗಲಿಲ್ಲ, ಶಾಲೆ ತಡವಾಗಿಯೇ ಆರಂಭವಾಗಬೇಕೆಂದು ಅವಳು ಇಂದಿಗೂ ಹೇಳುತ್ತಾಳೆ. ಆದರೆ ಆ ಮಾತಿಗೆ ಬೆಲೆ ತೆರುವವರು ಯಾರು ಎಂಬುದು ಈಗ ಅವಳಿಗೆ ಗೊತ್ತು. ತೀರ್ಪುಗಾರರು ಹುಡುಕುವುದು ಇದನ್ನೇ ಎಂದು ನಾನು ನಂಬಿದ್ದೇನೆ. ತನಗೆ ಒಪ್ಪಿಗೆಯಾಗದ ಮಾತನ್ನು ಮಗು ಪೂರ್ತಿ ಕೇಳಿಸಿಕೊಂಡಿದೆಯೇ ಎಂಬುದು ಪರದೆಯ ಮೇಲೆ ಅಡಗುವುದಿಲ್ಲ.

ದೊಡ್ಡವರು, ಅಧಿಕಾರಿಗಳು ಹೈಸ್ಕೂಲಿನವರಿಗೆ ಸಂದರ್ಶನ ಕೊಡುತ್ತಾರೆಯೇ?

ನೀವು ಅಂದುಕೊಂಡದ್ದಕ್ಕಿಂತ ಸುಲಭವಾಗಿ ಕೊಡುತ್ತಾರೆ. ಪ್ರತಿನಿಧಿ ಸಭೆಯ 435 ಸದಸ್ಯರಿಗೂ ಸೆನೆಟ್ಟಿನ 100 ಸದಸ್ಯರಿಗೂ ವಾಷಿಂಗ್ಟನ್ನಿನಲ್ಲಿ ಮಾತ್ರವಲ್ಲದೆ ತಮ್ಮ ಕ್ಷೇತ್ರದಲ್ಲೂ ಕಚೇರಿ ಇರುತ್ತದೆ. ಅಲ್ಲಿಗೆ ಮಗುವೇ ಇಮೇಲ್ ಬರೆಯಲಿ. ಹೆಸರು, ಶಾಲೆ, ಚಿತ್ರದ ವಿಷಯ, ಬೇಕಾದ ಸಮಯ ಹದಿನೈದು ನಿಮಿಷ, ಕೇಳುವ ಮೂರು ಪ್ರಶ್ನೆಗಳು. ಇಷ್ಟೇ ಸಾಕು. ವಾರದೊಳಗೆ ಉತ್ತರ ಬಾರದಿದ್ದರೆ ಫೋನ್ ಮಾಡಲಿ. ಅಪ್ಪ ಫೋನ್ ಮಾಡುವುದಕ್ಕೂ ಮಗು ಫೋನ್ ಮಾಡುವುದಕ್ಕೂ ಆ ಕಡೆಯ ದನಿಯಲ್ಲೇ ವ್ಯತ್ಯಾಸ ಕೇಳಿಸುತ್ತದೆ.

ಅಧಿಕಾರಿಗಳಿಗಿಂತ ಮೊದಲು ಸಮಸ್ಯೆಯನ್ನು ಮೈಮೇಲೆ ಹೊತ್ತವರನ್ನು ಹುಡುಕಿ. ಔಷಧದ ಬೆಲೆಯ ಬಗ್ಗೆ ಚಿತ್ರವಾದರೆ ಔಷಧದಂಗಡಿಯ ಕೌಂಟರಿನ ಹಿಂದೆ ನಿಂತವರಿಗೆ ಗೊತ್ತಿರುವುದು ತಜ್ಞರಿಗೂ ಗೊತ್ತಿರುವುದಿಲ್ಲ. ಯಾರು ಸೂಜಿಮದ್ದು ಕೊಳ್ಳದೆ ವಾಪಸು ಹೋದರು ಎಂಬುದನ್ನು ಕಂಡವರು ಅವರು.

ಸರ್ಕಾರಿ ಕಾಗದಪತ್ರ ಬೇಕಾದರೆ ವಿದ್ಯಾರ್ಥಿಗಳೂ ಕೇಳಬಹುದು. 1966ರ ಮಾಹಿತಿ ಸ್ವಾತಂತ್ರ್ಯ ಕಾನೂನು ಒಕ್ಕೂಟ ಸರ್ಕಾರದ ಇಲಾಖೆಗಳಿಗೆ ಅನ್ವಯಿಸುತ್ತದೆ. ಅರ್ಜಿಗೆ ಉತ್ತರಿಸಲು ಅವುಗಳಿಗೆ ಸಾಮಾನ್ಯವಾಗಿ 20 ಕೆಲಸದ ದಿನಗಳ ಗಡುವಿದೆ, ಬಹಳ ಸಲ ಅದು ಮೀರುತ್ತದೆ. ಶಾಲಾ ಮಂಡಳಿ, ನಗರಸಭೆಗಳ ದಾಖಲೆಗೆ ಆಯಾ ರಾಜ್ಯದ ಕಾನೂನಿದೆ. ಜನವರಿಯಲ್ಲಿ ಚಿತ್ರ ಕೊಡಬೇಕಾದವರು ಸೆಪ್ಟೆಂಬರಿನಲ್ಲೇ ಅರ್ಜಿ ಹಾಕಬೇಕು.

ಫೋನಿನಲ್ಲಿ ಮಾತನಾಡಿದ್ದನ್ನು ಧ್ವನಿಮುದ್ರಿಸಿ ಬಳಸಬಹುದೇ?

ಕೇಳದೆ ಮಾಡಬೇಡಿ. ಒಕ್ಕೂಟದ ಕಾನೂನಿನಲ್ಲಿ ಮಾತನಾಡುವವರಲ್ಲಿ ಒಬ್ಬರ ಒಪ್ಪಿಗೆ ಇದ್ದರೆ ಸಾಕು. ಆದರೆ ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಪೆನ್ಸಿಲ್ವೇನಿಯಾ, ವಾಷಿಂಗ್ಟನ್ ಮುಂತಾದ ರಾಜ್ಯಗಳಲ್ಲಿ ಖಾಸಗಿ ಮಾತುಕತೆಗೆ ಎಲ್ಲರ ಒಪ್ಪಿಗೆಯೂ ಬೇಕು. ಮೊದಲು ಒಪ್ಪಿಗೆ ಪಡೆಯಿರಿ, ಧ್ವನಿಮುದ್ರಣ ಆರಂಭಿಸಿದ ಮೇಲೆ ಮತ್ತೊಮ್ಮೆ "ನಿಮ್ಮ ಮಾತನ್ನು ಮುದ್ರಿಸಿಕೊಳ್ಳುತ್ತಿದ್ದೇವೆ, ಸರಿಯೇ?" ಎಂದು ಕೇಳಿ, ಅವರ ಹೌದನ್ನೂ ಮುದ್ರಣದೊಳಗೇ ಉಳಿಸಿಕೊಳ್ಳಿ. ಸಹಪಾಠಿಗಳು ಕಾಣಿಸಿಕೊಂಡರೆ ಅವರ ಪೋಷಕರ ಸಹಿ ಬೇಕು. ಶಾಲೆಯ ಕಾರಿಡಾರಿನಲ್ಲಿ ಕ್ಯಾಮೆರಾ ತೆರೆಯುವ ಮೊದಲು ಪ್ರಾಂಶುಪಾಲರ ಅನುಮತಿಯೂ ಬೇಕು.

ಹಳೆಯ ದೃಶ್ಯ, ಹಾಡು ಬಳಸಿದರೆ ಕೃತಿಸ್ವಾಮ್ಯದ ತೊಂದರೆ ಬರುತ್ತದೆಯೇ?

ಅಮೆರಿಕದ ಒಕ್ಕೂಟ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಮಾಡಿದ ಚಿತ್ರ, ನಕ್ಷೆ, ವರದಿಗಳಿಗೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ನಾಸಾದ ಚಿತ್ರಗಳು, ರಾಷ್ಟ್ರೀಯ ಪತ್ರಾಗಾರದ ಬಹಳಷ್ಟು ಸಾಮಗ್ರಿ ಇದರಲ್ಲಿ ಬರುತ್ತವೆ. ಸದನದೊಳಗಿನ ಕ್ಯಾಮೆರಾಗಳನ್ನು ನಡೆಸುವುದೂ ಸದನವೇ, ಸಿ-ಸ್ಪ್ಯಾನ್ ಅಲ್ಲ. ಬೇರೆಯವರ ಸುದ್ದಿ ತುಣುಕನ್ನು ನ್ಯಾಯಯುತ ಬಳಕೆ ಎಂಬ ನಿಯಮದಡಿ ಚಿಕ್ಕದಾಗಿ, ಅದರ ಬಗ್ಗೆ ಮಾತನಾಡುವುದಕ್ಕಾಗಿ ಬಳಸಬಹುದು. ಅಲಂಕಾರಕ್ಕಾಗಿ ಬಳಸಿದರೆ ಆ ರಕ್ಷಣೆ ತೆಳುವಾಗುತ್ತದೆ. ಜನಪ್ರಿಯ ಹಾಡನ್ನು ಮರೆತುಬಿಡಿ. ಶಾಲೆಯ ವಾದ್ಯವೃಂದದಲ್ಲಿ ಸೆಲ್ಲೊ ನುಡಿಸುವ ಗೆಳತಿಯೊಬ್ಬಳು ಖಂಡಿತ ಇರುತ್ತಾಳೆ.

ಯಾವ ಕ್ಯಾಮೆರಾ ಕೊಳ್ಳಬೇಕು?

ಕೊಳ್ಳಬೇಡಿ, ಮೊಬೈಲು ಸಾಕು. ಹಣ ಖರ್ಚು ಮಾಡಲೇಬೇಕಾದರೆ ಅಂಗಿಗೆ ಸಿಕ್ಕಿಸುವ ಮೈಕಿಗೆ ಮಾಡಿ. ಮಸುಕಾದ ಚಿತ್ರವನ್ನು ನೋಡುಗರು ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಅಡುಗೆಮನೆಯಲ್ಲಿ ಸಂದರ್ಶನ ಮಾಡುವುದಾದರೆ ಸದ್ದು ಬಾರದಂತೆ ರೆಫ್ರಿಜರೇಟರ್ ಬಂದ್ ಮಾಡಿ, ಕಾರಿನ ಕೀಲಿಯನ್ನು ಅದರೊಳಗೆ ಇಡಿ. ಕೀಲಿ ತೆಗೆಯಲು ಹೋದಾಗ ಮತ್ತೆ ಹಾಕಲು ನೆನಪಾಗುತ್ತದೆ.

ಒಂದು ಗಂಟೆಯ ಮಾತನ್ನು ಆರು ನಿಮಿಷಕ್ಕೆ ಇಳಿಸುವುದು ಹೇಗೆ?

ಮೊದಲು ಎಲ್ಲ ಸಂದರ್ಶನಗಳನ್ನೂ ಬರಹಕ್ಕಿಳಿಸಿ. ತಂತ್ರಾಂಶ ಮಾಡಿಕೊಟ್ಟ ಬರಹವನ್ನು ಕಿವಿಯಿಂದ ಕೇಳಿ ತಿದ್ದಿ. ಆಮೇಲೆ ಕಾಗದದ ಮೇಲೆ ಕತ್ತರಿಸಿ ಜೋಡಿಸಿ, ಕೊನೆಗೆ ಕಂಪ್ಯೂಟರ್. ಬಸ್ ಚಾಲಕರು 47 ನಿಮಿಷ ಮಾತನಾಡಿದ್ದರು. ಚಿತ್ರದಲ್ಲಿ ಉಳಿದದ್ದು 38 ಸೆಕೆಂಡು. ಅದರಲ್ಲಿ ಐದು ಸೆಕೆಂಡು ಆ ಮೌನಕ್ಕೇ ಹೋಯಿತು. ಅದನ್ನು ಉಳಿಸಿಕೊಳ್ಳಲು ತಂಡದ ಹುಡುಗ ತಾನು ಮೂರು ವಾರಾಂತ್ಯ ಕಷ್ಟಪಟ್ಟು ತೆಗೆದಿದ್ದ ಡ್ರೋನ್ ದೃಶ್ಯವನ್ನು ತಾನೇ ಕೈಯಾರೆ ಅಳಿಸಿದ. ನಾನು ಕಂಡ ಸಂಕಲನಗಳಲ್ಲಿ ಅಷ್ಟು ಉದಾರವಾದದ್ದು ಇನ್ನೊಂದಿಲ್ಲ.

ಕತ್ತರಿಸುವಾಗ ಒಂದು ಧರ್ಮವನ್ನು ಮೀರಬಾರದು. ವ್ಯಕ್ತಿ ಹೇಳಿದ "ಆದರೆ" ಎಂಬ ಪದದ ಹಿಂದಿನ ಅರ್ಧವನ್ನು ಮಾತ್ರ ಇಟ್ಟುಕೊಂಡು ಮುಂದಿನದನ್ನು ಬಿಸಾಡಬಾರದು. ಚಿತ್ರ ನೋಡಿದಾಗ ಆ ಮನುಷ್ಯ "ಹೌದು, ನಾನು ಹೇಳಿದ್ದು ಇದೇ" ಎನ್ನಬೇಕು. ಸಿ-ಸ್ಪ್ಯಾನ್ ತುಣುಕನ್ನೂ ನಿಯಮ ಪಾಲನೆಗೆಂದು ಕೊನೆಯಲ್ಲಿ ಅಂಟಿಸಬೇಡಿ. ವಿಡಿಯೊ ಗ್ರಂಥಾಲಯದಲ್ಲಿ ವಿಷಯದ ದೊಡ್ಡ ಹೆಸರಿನಿಂದ ಹುಡುಕುವ ಬದಲು ಸಣ್ಣ ಪದಗಳಿಂದ ಹುಡುಕಿ. ನಿದ್ದೆ ಎಂದರೆ ಸಿಗದದ್ದು ಶಾಲಾ ಬಸ್ಸು ಎಂದಾಗ ಸಿಗಬಹುದು. ಸಮಿತಿಗಳ ವಿಚಾರಣೆಗಳಲ್ಲಿ ಸದನದ ಭಾಷಣಗಳಿಗಿಂತ ಹೆಚ್ಚು ಜೀವವಿರುತ್ತದೆ. ಅಲ್ಲಿ ಪ್ರಶ್ನೆ ಕೇಳುತ್ತಾರೆ, ಉತ್ತರಿಸುವವರು ತಡವರಿಸುತ್ತಾರೆ.

ನ್ಯಾಷನಲ್ ಹಿಸ್ಟರಿ ಡೇ ಇದಕ್ಕಿಂತ ಹೇಗೆ ಬೇರೆ?

ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ ಡೇವಿಡ್ ವ್ಯಾನ್ ಟಾಸೆಲ್ 1974ರಲ್ಲಿ ಆರಂಭಿಸಿದ ಸ್ಪರ್ಧೆ ಇದು. ಶಾಲೆ, ಪ್ರದೇಶ, ರಾಜ್ಯ ಹೀಗೆ ಹಂತ ಹಂತವಾಗಿ ಗೆದ್ದು ಬಂದವರು ಜೂನ್‌ನಲ್ಲಿ ಕಾಲೇಜ್ ಪಾರ್ಕಿನಲ್ಲಿರುವ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸೇರುತ್ತಾರೆ. ಸಾಕ್ಷ್ಯಚಿತ್ರ 10 ನಿಮಿಷ ಮೀರಬಾರದು, ತಂಡದಲ್ಲಿ ಐವರವರೆಗೆ ಇರಬಹುದು. ಚಿತ್ರದ ಜೊತೆಗೆ 500 ಪದಗಳ ಮಿತಿಯಲ್ಲಿ ಕೆಲಸದ ವಿವರವನ್ನೂ ಟಿಪ್ಪಣಿ ಸಹಿತ ಆಕರ ಪಟ್ಟಿಯನ್ನೂ ಕೊಡಬೇಕು. ಅಂಕಗಳಲ್ಲಿ ಶೇ 80 ಇತಿಹಾಸದ ಗುಣಕ್ಕೆ, ಶೇ 20 ಮಾತ್ರ ನಿರೂಪಣೆಯ ಸ್ಪಷ್ಟತೆಗೆ. ಚಂದದ ಚಿತ್ರಕ್ಕಿಂತ ಹಳೆಯ ಪತ್ರ, ನ್ಯಾಯಾಲಯದ ದಾಖಲೆ, ಘಟನೆಯನ್ನು ಕಂಡವರ ಮಾತು ಇವುಗಳಿಗೇ ಇಲ್ಲಿ ತೂಕ. ತೀರ್ಪುಗಾರರು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವುದರಿಂದ ಯಾರದೋ ಕೆಲಸವನ್ನು ತನ್ನದೆಂದು ಹೇಳಿ ದಾಟಿಹೋಗುವುದು ಕಷ್ಟ.

ಮಕ್ಕಳ ಚಿತ್ರದಿಂದ ದೇಶದಲ್ಲಿ ಏನಾದರೂ ಬದಲಾದದ್ದುಂಟೇ?

ಉಂಟು. ಈ ಕಥೆಯನ್ನು ನಾನು ಪ್ರತಿ ಹೊಸ ತಂಡಕ್ಕೂ ಹೇಳುತ್ತೇನೆ.

1964ರ ಜೂನ್ 21ರ ರಾತ್ರಿ ಮಿಸಿಸಿಪ್ಪಿಯ ನೆಶೋಬಾ ಕೌಂಟಿಯಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್, ಮೈಕೆಲ್ ಶ್ವರ್ನರ್ ಎಂಬ ಮೂವರು ಯುವಕರನ್ನು ಬಿಳಿಯರ ಮೇಲುಗೈಗಾಗಿ ಹಿಂಸೆ ನಡೆಸುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಗುಂಪು ಕೊಂದಿತು. 44 ದಿನಗಳ ನಂತರ ಒಂದು ಮಣ್ಣಿನ ಅಣೆಕಟ್ಟೆಯ ಅಡಿಯಲ್ಲಿ ದೇಹಗಳು ಸಿಕ್ಕವು. 1967ರ ಒಕ್ಕೂಟ ನ್ಯಾಯಾಲಯದ ವಿಚಾರಣೆಯಲ್ಲಿ ಏಳು ಮಂದಿಗೆ ಸಂಚಿನ ಆರೋಪದ ಮೇಲೆ ಶಿಕ್ಷೆಯಾಯಿತು. ಸಂಚಿನ ಸೂತ್ರಧಾರನೆಂದು ಹೆಸರಾಗಿದ್ದ ಎಡ್ಗರ್ ರೇ ಕಿಲ್ಲನ್, ತೀರ್ಪು ಕೊಡುವ ಜ್ಯೂರಿ 11ಕ್ಕೆ 1ರಂತೆ ಒಡೆದುದರಿಂದ ಮನೆಗೆ ಹೋದ. ಹನ್ನೊಂದು ಮಂದಿ ಅವನು ಅಪರಾಧಿ ಎಂದರು, ಉಳಿದ ಒಬ್ಬರು ಒಪ್ಪಲಿಲ್ಲ. ಕೊಲೆಯ ಆರೋಪವನ್ನು ರಾಜ್ಯ ಯಾರ ಮೇಲೂ ಹೊರಿಸಲೇ ಇಲ್ಲ. ಹಾಗೆ ನಲವತ್ತು ವರ್ಷ ಕಳೆಯಿತು.

2004ರ ಸುಮಾರಿಗೆ ಇಲಿನಾಯ್ ರಾಜ್ಯದ ಲಿಂಕನ್‌ಶೈರಿನಲ್ಲಿರುವ ಸ್ಟೀವನ್ಸನ್ ಹೈಸ್ಕೂಲಿನ ಮೂವರು ಹುಡುಗಿಯರು ಹಿಸ್ಟರಿ ಡೇ ಸ್ಪರ್ಧೆಗೆಂದು ಈ ವಿಷಯ ಆರಿಸಿಕೊಂಡರು. ಅವರ ಶಿಕ್ಷಕ ಬ್ಯಾರಿ ಬ್ರ್ಯಾಡ್‌ಫರ್ಡ್. ಹಳೆಯ ವಿಚಾರಣೆಯ ಸಾವಿರಾರು ಪುಟಗಳನ್ನು ಓದಿ, ಬದುಕಿದ್ದವರನ್ನು ಹುಡುಕಿ ಮಾತನಾಡಿಸಿ, ಮೊಕದ್ದಮೆಯನ್ನು ಯಾಕೆ ಮತ್ತೆ ತೆರೆಯಬೇಕೆಂದು ವಾದಿಸುವ ಚಿತ್ರ ಮಾಡಿದರು. ಬ್ರ್ಯಾಡ್‌ಫರ್ಡ್ ಸ್ವತಃ ಕಿಲ್ಲನ್‌ನನ್ನೇ ಮಾತನಾಡಿಸಿ ಧ್ವನಿಮುದ್ರಿಸಿಕೊಂಡರು. ಜ್ಯಾಕ್ಸನ್ನಿನ ಪತ್ರಕರ್ತ ಜೆರ್ರಿ ಮಿಚೆಲ್ ಈ ಪ್ರಕರಣದ ಹಿಂದೆ ವರ್ಷಗಳಿಂದ ಬಿದ್ದಿದ್ದರು. ಸತ್ತವರ ಮನೆಯವರು, ನೆಶೋಬಾದ ಕಪ್ಪು ಮತ್ತು ಬಿಳಿ ನಿವಾಸಿಗಳು ಒಟ್ಟಾಗಿ ನ್ಯಾಯಕ್ಕಾಗಿ ಒತ್ತಾಯಿಸುತ್ತಿದ್ದರು. ಎಲ್ಲ ಕೂಡಿದಾಗ 2005ರ ಜನವರಿಯಲ್ಲಿ ಕಿಲ್ಲನ್ ಬಂಧನವಾಯಿತು. ಅದೇ ವರ್ಷ ಜೂನ್ 21ರಂದು, ಕೊಲೆಯಾಗಿ ಸರಿಯಾಗಿ 41 ವರ್ಷಕ್ಕೆ, ಮೂರು ನರಹತ್ಯೆಗಳಲ್ಲಿ ಅವನು ಅಪರಾಧಿಯೆಂದು ತೀರ್ಪು ಬಂತು. 60 ವರ್ಷದ ಶಿಕ್ಷೆ. 2018ರಲ್ಲಿ ಅವನು ಸೆರೆಮನೆಯಲ್ಲೇ ಸತ್ತ.

ಮಕ್ಕಳಿಂದಲೇ ಎಲ್ಲ ಆಯಿತು ಎಂದು ಹೇಳಿದರೆ ದಶಕಗಳ ಕಾಲ ಹೋರಾಡಿದವರಿಗೆ ಅನ್ಯಾಯ. ಮಕ್ಕಳದು ಆಟ ಎಂದರೆ ಆ ಮೂವರಿಗೆ ಅನ್ಯಾಯ. ತಾವು ಹುಟ್ಟುವುದಕ್ಕೆ ಎರಡು ದಶಕ ಮೊದಲು ನಡೆದ ಕೊಲೆಯ ಕಡತವನ್ನು ಬೇರೆ ರಾಜ್ಯದ ಹುಡುಗಿಯರು ಬಿಡಿಸಿ ಕೂತದ್ದನ್ನು ನೆನೆದಾಗ ನನ್ನ ಗಂಟಲು ಕಟ್ಟುತ್ತದೆ.

ಅಪ್ಪ ಅಮ್ಮ ಎಷ್ಟು ನೆರವಾಗಬಹುದು?

ಕಾರು ಓಡಿಸಿ, ಊಟ ಕೊಡಿ, ಅಪರಿಚಿತರ ಸಂದರ್ಶನಕ್ಕೆ ಹೋಗುವಾಗ ಜೊತೆಗೆ ಹೋಗಿ, ಕೋಣೆಯ ಹಿಂದೆ ಸುಮ್ಮನೆ ಕೂತಿರಿ. ಬರವಣಿಗೆ, ಚಿತ್ರೀಕರಣ, ಸಂಕಲನ ಮೂರೂ ಮಕ್ಕಳದ್ದೇ ಆಗಿರಬೇಕು. ಕೃತಕ ಬುದ್ಧಿಮತ್ತೆಯ ಸಾಧನಗಳ ಬಗ್ಗೆ ಆಯಾ ಸ್ಪರ್ಧೆಯ ನಿಯಮವನ್ನು ಓದಿಕೊಳ್ಳಿ. ನಿಯಮ ಏನೇ ಇರಲಿ, ನಡೆಯದ ಘಟನೆಯ ದೃಶ್ಯವನ್ನು ಸೃಷ್ಟಿಸಿ ಸಾಕ್ಷ್ಯಚಿತ್ರದಲ್ಲಿ ಸೇರಿಸಕೂಡದು. ಸಾಕ್ಷ್ಯ ಎಂಬ ಪದ ಅದರ ಹೆಸರಿನಲ್ಲೇ ಇದೆ.

ಕಾಲೇಜು ಪ್ರವೇಶಕ್ಕೆ ಇದರಿಂದ ಅನುಕೂಲವೇ?

ಅರ್ಜಿಯ ಗೌರವಗಳ ಪಟ್ಟಿಯಲ್ಲಿ ಒಂದು ಸಾಲು ಸೇರುತ್ತದೆ. ಅದಕ್ಕಾಗಿಯೇ ಮಾಡಿಸುವುದಾದರೆ ದಯವಿಟ್ಟು ಬೇಡ. ಒಲ್ಲದ ವಿಷಯವನ್ನು ನಾಲ್ಕು ತಿಂಗಳು ಹೊತ್ತು ಬಳಲಿದ ಮಕ್ಕಳನ್ನು ನೋಡಿದ್ದೇನೆ, ಆ ಚಿತ್ರಗಳೂ ಬಳಲಿರುತ್ತವೆ.

ಕಷ್ಟಪಟ್ಟು ಮಾಡಿದ ಚಿತ್ರಕ್ಕೆ ಏನೂ ಬರದಿದ್ದರೆ ಮಗುವಿಗೆ ಏನು ಹೇಳಬೇಕು?

ನಿದ್ದೆಯ ತಂಡಕ್ಕೆ ಏನೂ ಬರಲಿಲ್ಲ. ಗೌರವ ಉಲ್ಲೇಖದ ಪಟ್ಟಿಯಲ್ಲೂ ಹೆಸರಿರಲಿಲ್ಲ. ಮೂವರೂ ಪಟ್ಟಿಯನ್ನು ಎರಡು ಸಲ ಓದಿದರು, ಅತ್ತರು, ನಾನು ಅಳಬೇಡಿ ಎನ್ನಲಿಲ್ಲ.

ಆಮೇಲೆ ಮಾಡಬೇಕಾದ ಕೆಲಸಗಳಿವೆ ಎಂದೆ. ಸಂದರ್ಶನ ಕೊಟ್ಟ ಪ್ರತಿಯೊಬ್ಬರಿಗೂ ಚಿತ್ರವನ್ನು ತಲುಪಿಸಬೇಕು, ಫಲಿತಾಂಶ ಏನಾದರೂ ಇರಲಿ. ಶಾಲಾ ಮಂಡಳಿಯ ಸಾರ್ವಜನಿಕ ಸಭೆಯಲ್ಲಿ ಜನರಿಗೆ ಮಾತನಾಡಲು ಕೆಲವು ನಿಮಿಷ ಕೊಡುತ್ತಾರೆ, ಅಲ್ಲಿಗೂ ಹೋಗಬಹುದು. ಊರಿನ ಗ್ರಂಥಾಲಯವನ್ನು ಕೇಳಿದರೆ ಒಂದು ಸಂಜೆ ಪರದೆ ಕೊಟ್ಟೀತು. ಅವರು ಮೊದಲು ಹೋದದ್ದು ಬಸ್ ಡಿಪೊಗೆ.

ಚಾಲಕರು ಅದೇ ಸೀಟಿನಲ್ಲಿ ಕೂತು ಹುಡುಗಿಯ ಮೊಬೈಲಿನಲ್ಲಿ ಆರು ನಿಮಿಷವೂ ನೋಡಿದರು. ತಮ್ಮ ಮಾತು ಬಂದಾಗ ಕನ್ನಡಕ ಸರಿಪಡಿಸಿಕೊಂಡರು. ಮೌನ ಬಂದಾಗ ಫೋನು ನಿಂತುಹೋಯಿತೇನೋ ಎಂದು ತಿರುಗಿ ಅವಳ ಮುಖ ನೋಡಿದರು. ಮುಗಿದ ಮೇಲೆ ಜೇಬಿನಿಂದ ಟೇಪು ಹಚ್ಚಿದ ಆ ಚೀಟಿ ತೆಗೆದು, ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಲೆಕ್ಕ ಬರೆದು ಅವಳ ಕೈಗಿಟ್ಟರು. ಎಷ್ಟು ಬಸ್ಸು ಹೆಚ್ಚು ಬೇಕು ಎಂದು ಅವಳು ಕೇಳಿದ್ದಳಲ್ಲ, ಅದರ ಉತ್ತರ.